ಲಾಯದ ಕುದುರೆಯೂ ಹುಲ್ಲಿನ ಬಲೆಯೂ

ಹಟ್ಟಿಯಲ್ಲಿ ಹಸುವು ಮೇವು ತಿನ್ನುವ ರೀತಿಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಮುಂದೆ ಹಾಕಿದ ಹುಲ್ಲನ್ನು ಅದು ಅರೆಬರೆ ಅಗಿದು ಬೇಗಬೇಗನೆ ನುಂಗಿಬಿಡುತ್ತದೆ. ಬಳಿಕ ನೆರಳಿನಲ್ಲಿ ಮಲಗಿ, ಅರೆಗಣ್ಣು ಮುಚ್ಚಿ, ನುಂಗಿದ್ದನ್ನು ಉಂಡೆಯುಂಡೆಯಾಗಿ ಬಾಯಿಗೆ ತಂದುಕೊಂಡು ಸಾವಧಾನವಾಗಿ ಮೆಲುಕು ಹಾಕುತ್ತದೆ. ಕುದುರೆಗೆ ಈ ಸೌಲಭ್ಯವಿಲ್ಲ. ಒಮ್ಮೆ ಗಂಟಲಿನಿಂದ ಇಳಿದ ಆಹಾರವು ಮತ್ತೆ ಬಾಯಿಗೆ ಬರುವಂತಿಲ್ಲ. ಕುದುರೆಯು ವಾಂತಿಯನ್ನು ಕೂಡ ಮಾಡಲಾರದು. ಆದುದರಿಂದ ಅಗಿಯುವ ಕೆಲಸವೆಲ್ಲವೂ ತಿನ್ನುವಾಗಲೇ, ಒಂದೇ ಸಲಕ್ಕೆ ಮುಗಿಯಬೇಕು. ಎರಡೂ ಹುಲ್ಲು ತಿನ್ನುವ ಪ್ರಾಣಿಗಳೇ ಆದರೂ, ಹಸುವಿಗೆ ಒಪ್ಪುವ ಮೇವಿನ ವೇಳಾಕ್ರಮವು ಕುದುರೆಗೆ ಏಕೆ ಒಪ್ಪುವುದಿಲ್ಲ ಎಂಬುದನ್ನೂ, ಲಾಯದಲ್ಲಿ ಕಟ್ಟಿದ ಕುದುರೆಯು ಒಣಹುಲ್ಲನ್ನು ನಿಧಾನವಾಗಿ ತಿನ್ನುವಂತೆ ಮಾಡುವುದು ಹೇಗೆ ಎಂಬುದನ್ನೂ ಇಲ್ಲಿ ವಿಚಾರ ಮಾಡೋಣ.

ಬಯಲಿನಲ್ಲಿ ಸ್ವೇಚ್ಛೆಯಾಗಿ ಬಿಟ್ಟ ಕುದುರೆಯು ದಿನದ 24 ಗಂಟೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕಾಲವನ್ನು ಮೇಯುವುದರಲ್ಲಿಯೇ ಕಳೆಯುತ್ತದೆ. ಒಂದು ತುತ್ತು, ಒಂದು ಹೆಜ್ಜೆ. ಮತ್ತೊಂದು ತುತ್ತು, ಮತ್ತೊಂದು ಹೆಜ್ಜೆ. ರಾತ್ರಿಯಲ್ಲಿಯೂ ಈ ಕೆಲಸ ನಡೆದೇ ಇರುತ್ತದೆ. ಅದರ ದೇಹರಚನೆಯೂ ಇದಕ್ಕೆ ಅನುಗುಣವಾಗಿಯೇ ಇದೆ. 500 ಕಿಲೋಗ್ರಾಂ ತೂಗುವ ಕುದುರೆಯ ಜಠರದಲ್ಲಿ 8ರಿಂದ 15 ಲೀಟರಿನಷ್ಟು ಮಾತ್ರ ಹಿಡಿಸುತ್ತದೆ. ಅಷ್ಟು ದೊಡ್ಡ ಪ್ರಾಣಿಗೆ ಇದು ಪುಟ್ಟ ಚೀಲವೆಂದೇ ಹೇಳಬೇಕು. ಹುಲ್ಲಿನ ನಾರನ್ನು ಒಡೆಯುವ ಸೂಕ್ಷ್ಮಜೀವಿಗಳ ಕಾರ್ಖಾನೆಯು ಹಸುವಿನಲ್ಲಿ ಜಠರದ ಭಾಗದಲ್ಲಿದ್ದರೆ, ಕುದುರೆಯಲ್ಲಿ ಅದು ಬಹು ಹಿಂದೆ, ಕುರುಡುಕರುಳು ಮತ್ತು ದೊಡ್ಡಕರುಳುಗಳಲ್ಲಿದೆ. ಕುದುರೆಗೆ ಪಿತ್ತಕೋಶವಿಲ್ಲವೆಂಬುದೂ ಗಮನಾರ್ಹ. ಪಿತ್ತರಸವನ್ನು ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಸುರಿಯಬೇಕಾದ ಅಗತ್ಯ, ಊಟಕ್ಕೆ ಹೊತ್ತೆಂಬುದೇ ಇಲ್ಲದ ಪ್ರಾಣಿಗೆ ಎಲ್ಲಿಯದು?

ಈ ಏರ್ಪಾಡಿನಲ್ಲಿ ಒಂದು ಅಪಾಯವೂ ಅಡಗಿದೆ. ಕುದುರೆಯ ಜಠರವು ಆಮ್ಲವನ್ನು ಹಗಲಿರುಳೂ ಒಸರಿಸುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಹುಲ್ಲಿರಲಿ, ಇಲ್ಲದಿರಲಿ, ಅದು ನಿಲ್ಲುವುದಿಲ್ಲ. ಈ ಆಮ್ಲವನ್ನು ತಣಿಸುವುದು ಲಾಲಾರಸ. ಆದರೆ ಲಾಲಾರಸವು ಆಮ್ಲದಂತೆ ಸದಾ ಹರಿಯುವುದಿಲ್ಲ; ದವಡೆಗಳು ಅಗಿಯುತ್ತಿರುವವರೆಗೆ ಮಾತ್ರ ಅದು ಧಾರಾಳವಾಗಿ ಒಸರುತ್ತದೆ. ಒಂದು ಕಿಲೋಗ್ರಾಂ ಒಣಹುಲ್ಲನ್ನು ತಿನ್ನಲು ಕುದುರೆಗೆ ಸುಮಾರು 40 ನಿಮಿಷಗಳೂ, ಮೂರು ಸಾವಿರಕ್ಕಿಂತ ಹೆಚ್ಚು ಸಲದ ಅಗಿತವೂ ಬೇಕು. ಅದೇ ಒಂದು ಕಿಲೋಗ್ರಾಂ ಓಟ್ಸ್ ಕಾಳು ಹತ್ತು ನಿಮಿಷಗಳಲ್ಲಿ ಮಾಯವಾಗುತ್ತದೆ. ಅಗಿತ ನಿಂತೊಡನೆ ಕ್ಷಾರಗುಣದ ಲಾಲಾರಸವು ನಿಲ್ಲುತ್ತದೆ. ಆಮ್ಲವು ಮಾತ್ರ ಸೇರುತ್ತಲೇ ಹೋಗುತ್ತದೆ. ಜಠರದ ಕೆಳಭಾಗದ ಒಳಪೊರೆಗೆ ಲೋಳೆಯ ರಕ್ಷಣೆಯುಂಟು. ಮೇಲಿನ ಸುಮಾರು ಮೂರರಲ್ಲೊಂದು ಪಾಲಿಗೆ ಅಂಥ ಕವಚವಿಲ್ಲ. ಬರಿಹೊಟ್ಟೆಯ ಕುದುರೆಯನ್ನು ಓಡಿಸಿದರಂತೂ ಆಮ್ಲವು ಮೇಲಕ್ಕೆ ಚಿಮ್ಮಿ ಆ ಭಾಗವನ್ನು ಸುಡುತ್ತದೆ. ಪಂದ್ಯದ ಕುದುರೆಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣುಗಳಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಮೇವಿಲ್ಲದ ಅಂತರವು ಆರು ಗಂಟೆಗಳನ್ನು ಮೀರಿದರೆ ಹುಣ್ಣಿನ ಸಂಭವ ಹೆಚ್ಚುತ್ತದೆಂದು ಪಶುವೈದ್ಯರು ಎಚ್ಚರಿಸುತ್ತಾರೆ.

ಇನ್ನು ಲಾಯದ ಲೆಕ್ಕವನ್ನು ನೋಡೋಣ. 500 ಕಿಲೋಗ್ರಾಂ ತೂಕದ ಕುದುರೆಗೆ ದಿನಕ್ಕೆ, ದೇಹತೂಕದ ನೂರಕ್ಕೆ ಎರಡರಂತೆ, 10 ಕಿಲೋಗ್ರಾಂ ಒಣಹುಲ್ಲು. ಅದನ್ನು ಬೆಳಗ್ಗೆ 8 ಗಂಟೆಗೆ ಅರ್ಧ, ಸಂಜೆ 4 ಗಂಟೆಗೆ ಅರ್ಧ ಹಾಕುತ್ತಾರೆನ್ನೋಣ. ಒಂದೊಂದು ಪಾಲಿಗೆ ಹಿಡಿಯುವ ಕಾಲ 200 ನಿಮಿಷ. ಸಂಜೆಯ ಪಾಲು 7 ಗಂಟೆ 20 ನಿಮಿಷಕ್ಕೆ ಮುಗಿದುಹೋಗುತ್ತದೆ. ಮರುದಿನದ 8 ಗಂಟೆಯವರೆಗೆ ಹನ್ನೆರಡೂವರೆ ಗಂಟೆಗೂ ಹೆಚ್ಚು ಕಾಲ ಆ ಪ್ರಾಣಿಯು ಬರಿಗೋಡೆಯನ್ನು ನೋಡುತ್ತ ನಿಂತಿರಬೇಕು. ತೂಕದ ದೃಷ್ಟಿಯಿಂದ ಮೇವಿನಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಕಾಲದಲ್ಲಿ. ಇಂಥ ಕುದುರೆಗಳಲ್ಲಿ ಕೆಲವು ಲಾಯದ ಮರವನ್ನು ಕಡಿಯುತ್ತವೆ. ಕೆಲವು ಅಡ್ಡಗಂಬಿಯನ್ನು ಹಲ್ಲಿನಿಂದ ಹಿಡಿದು ಗಾಳಿಯನ್ನು ಎಳೆದುಕೊಳ್ಳುವ ದುರಭ್ಯಾಸಕ್ಕೆ ಬೀಳುತ್ತವೆ. ಇದನ್ನು ಕುದುರೆಯ ತುಂಟತನವೆಂದು ದಂಡಿಸುವವರುಂಟು. ತುಂಟತನ ಯಾರದೆಂಬುದು ವಿಚಾರಾರ್ಹ.

ಹಾಗಾದರೆ ಹುಲ್ಲನ್ನು ಬೇಕಾದಷ್ಟು ಸುರಿದುಬಿಡಬಾರದೆ ಎಂದು ವಾಚಕರು ಕೇಳಬಹುದು. ಕಠಿಣವಾಗಿ ದುಡಿಯುವ ಕುದುರೆಗೆ ಹಾಗೆ ಮಾಡುವುದೇ ಸರಿ. ಆದರೆ ಹೆಚ್ಚಿನ ಕೆಲಸವಿಲ್ಲದೆ ನಿಂತಿರುವ ಕುದುರೆಗಳೂ, ಅಲ್ಪ ಮೇವಿನಲ್ಲಿಯೇ ಮೈತುಂಬಿಕೊಳ್ಳುವ ತಟ್ಟುಗಳೂ ಬಹುಬೇಗ ಕೊಬ್ಬುತ್ತವೆ. ಕೊಬ್ಬಿದ ಕುದುರೆಯಲ್ಲಿ ಗೊರಸಿನೊಳಗಿನ ಮೃದುಪದರಗಳು ಉರಿಯೂತಕ್ಕೆ ಒಳಗಾಗುವ ಭಯವಿದೆ. ಈ ರೋಗ ಉಲ್ಬಣಿಸಿದರೆ ಗೊರಸಿನೊಳಗಿನ ಎಲುಬು ತನ್ನ ನೆಲೆಯಿಂದ ಜಾರುತ್ತದೆ. ಆ ಕುದುರೆ ನಿಲ್ಲಲಾರದು, ನಿಲ್ಲಲಾರದ ಕುದುರೆ ಬಹುಕಾಲ ಬದುಕಲಾರದು. ಹೀಗೆ ಲಾಯದವನು ಇಕ್ಕಟ್ಟಿಗೆ ಸಿಕ್ಕುತ್ತಾನೆ: ಹುಲ್ಲು ಹೆಚ್ಚಿಸಿದರೆ ಗೊರಸಿಗೆ ಕೇಡು, ತಗ್ಗಿಸಿದರೆ ಜಠರಕ್ಕೆ ಕೇಡು. ಅಷ್ಟೇ ಹುಲ್ಲು ಹೆಚ್ಚು ಹೊತ್ತು ಬರುವಂತೆ ಮಾಡುವುದೊಂದೇ ಉಳಿದ ದಾರಿ.

ನಮ್ಮ ನಾಡಿನ ಹುರುಳಿಯನ್ನು ಇಂಗ್ಲಿಷರು ಕುದುರೆಯ ಕಾಳೆಂದೇ ಕರೆದರು. ಬೇಯಿಸಿದ ಹುರುಳಿಯು ಜಟಕಾ ಕುದುರೆಗಳಿಗೆ ಬಲವನ್ನು ಕೊಟ್ಟಿತೆಂಬುದು ನಿಜ. ಅಗಿಯುವ ಕೆಲಸವನ್ನು ಮಾತ್ರ ಅದು ಕೊಡಲಾರದು. ಕಾಳು ಎಷ್ಟೇ ಉತ್ತಮವಾದರೂ ಹುಲ್ಲಿನ ಸ್ಥಾನವನ್ನು ತುಂಬುವುದಿಲ್ಲ.

ಹುಲ್ಲನ್ನು ಬಲೆಯ ಚೀಲದಲ್ಲಿ ತುಂಬಿ ತೂಗುಹಾಕುವುದು ಹಳೆಯ ಪದ್ಧತಿ. ಹುಲ್ಲು ಕಾಲ್ತುಳಿತಕ್ಕೆ ಸಿಕ್ಕಿ ಹಾಳಾಗಬಾರದೆಂಬುದೇ ಅದರ ಉದ್ದೇಶವಾಗಿತ್ತು. ಬಲೆಯ ಕಣ್ಣನ್ನು ಕಿರಿದು ಮಾಡಿದರೆ ತಿನ್ನುವ ವೇಗವೂ ತಗ್ಗುತ್ತದೆ. ಏಕೆಂದರೆ ಕುದುರೆಯು ಬಾಯಿತುಂಬ ಎಳೆದುಕೊಳ್ಳಲಾಗದೆ, ಮೇಲ್ದುಟಿಯಿಂದ ಹುಡುಕಿ, ಬಾಚಿಹಲ್ಲಿಗೆ ಸಿಕ್ಕಿದ ನಾಲ್ಕಾರು ಎಳೆಗಳನ್ನಷ್ಟೇ ಹೊರತೆಗೆಯಬೇಕಾಗುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿ, 2014ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ದೇಹತೂಕದ ನೂರಕ್ಕೆ ಒಂದರಷ್ಟು ಹುಲ್ಲನ್ನು ನೆಲದ ಮೇಲಿಂದ ತಿನ್ನಲು ಕುದುರೆಗಳಿಗೆ ಸರಾಸರಿ 3.2 ಗಂಟೆ ಸಾಕಾಯಿತು. 15 ಸೆಂಟಿಮೀಟರ್ ಅಗಲದ ಕಣ್ಣುಗಳ ಬಲೆಯಲ್ಲಿಟ್ಟಾಗ 3.4 ಗಂಟೆ, ಎಂದರೆ ದೊಡ್ಡ ಕಣ್ಣಿನ ಬಲೆಯಿಂದ ಈ ದೃಷ್ಟಿಯಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಕಣ್ಣು 4.4 ಸೆಂಟಿಮೀಟರಿಗೆ ಇಳಿದಾಗ 5.1 ಗಂಟೆಯೂ, 3.2 ಸೆಂಟಿಮೀಟರಿಗೆ ಇಳಿದಾಗ 6.5 ಗಂಟೆಯೂ ಹಿಡಿಯಿತು. ಹುಲ್ಲು ಅಷ್ಟೇ, ಕಾಲ ಇಮ್ಮಡಿ.

ಬಲೆಯೊಂದರಿಂದಲೇ ತೊಂದರೆಯೆಲ್ಲವೂ ಪರಿಹಾರವಾಯಿತೆಂದು ತಿಳಿಯಬಾರದು. ಮೇಲಿನ ಲೆಕ್ಕದಲ್ಲಿ ಸಂಜೆ 4 ಗಂಟೆಯ ಪಾಲನ್ನು ಅತಿ ಸಣ್ಣ ಕಣ್ಣಿನ ಬಲೆಯಲ್ಲಿಟ್ಟರೂ ರಾತ್ರಿ ಹತ್ತೂವರೆಗೆ ಅದು ಮುಗಿಯುತ್ತದೆ. ಬೆಳಗಿನವರೆಗೆ ಇನ್ನೂ ಒಂಬತ್ತೂವರೆ ಗಂಟೆಗಳ ಉಪವಾಸ. ಆದುದರಿಂದ ಹಂಚಿಕೆಯನ್ನೂ ಬದಲಿಸಬೇಕು. ಬೆಳಗ್ಗೆ 7 ಗಂಟೆಗೆ ಎರಡೂವರೆ ಕಿಲೋಗ್ರಾಂ, ಮಧ್ಯಾಹ್ನ ಎರಡೂವರೆ ಗಂಟೆಗೆ ಅಷ್ಟೇ, ರಾತ್ರಿ 9 ಗಂಟೆಗೆ ಉಳಿದ 5 ಕಿಲೋಗ್ರಾಂ ಎಂದು ಹಂಚಿದರೆ, ಅದೇ ಬಲೆಯಿಂದ ಕುದುರೆಯು ಒಟ್ಟು 13 ಗಂಟೆಗಳ ಕಾಲ ತಿನ್ನುತ್ತದೆ; ಯಾವ ಅಂತರವೂ ನಾಲ್ಕೂವರೆ ಗಂಟೆಗಳನ್ನು ಮುಟ್ಟುವುದಿಲ್ಲ. ಇದಕ್ಕೆ ಯಾರಾದರೂ ರಾತ್ರಿ 9 ಗಂಟೆಗೆ ಲಾಯಕ್ಕೆ ಹೋಗಬೇಕಾಗುತ್ತದೆ. ಇದು ಬಲೆಗಿಂತ ದುರ್ಲಭವಾದ ವಸ್ತುವೆಂದು ತೋರುತ್ತದೆ.

ಬಲೆಯನ್ನು ಕಟ್ಟುವ ಎತ್ತರದಲ್ಲಿ ಜಾಣ್ಮೆ ಬೇಕು. ಕುದುರೆಗೆ ಸಹಜವಾದುದು ತಲೆ ತಗ್ಗಿಸಿ ಮೇಯುವ ಭಂಗಿ. ಬಲೆಯನ್ನು ತಲೆಗಿಂತ ಮೇಲೆ ಕಟ್ಟಿದರೆ ಕತ್ತು ಅಸಹಜವಾಗಿ ನಿಗುರುವುದಲ್ಲದೆ, ಹುಲ್ಲಿನ ಧೂಳು ಕಣ್ಣುಮೂಗುಗಳಿಗೆ ಉದುರುತ್ತದೆ. ಬಹಳ ಕೆಳಗೆ ಕಟ್ಟಿದರೆ ಕೆರೆದಾಡುವ ಗೊರಸು, ಲಾಳವಿದ್ದರಂತೂ ಇನ್ನೂ ಸುಲಭವಾಗಿ, ಬಲೆಗೆ ಸಿಕ್ಕಿ ಕಾಲು ಮುರಿಯಬಹುದು. ತುಂಬಿದ ಬಲೆಯು ಖಾಲಿಯಾದಂತೆ ಜೋತುಬೀಳುತ್ತದೆಂಬುದನ್ನು ಮರೆಯದೆ, ಹಗ್ಗವನ್ನು ಬಲೆಯ ತಳದಲ್ಲಿ ತೂರಿಸಿ ಮೇಲಕ್ಕೆಳೆದು, ಸುಲಭವಾಗಿ ಬಿಚ್ಚಬಹುದಾದ ಗಂಟಿನಿಂದ ಬಿಗಿಯುವುದು ಕ್ಷೇಮ. ನೆಲದ ಮೇಲೆ ಪೆಟ್ಟಿಗೆಯನ್ನಿಟ್ಟು ಅದರೊಳಗೆ ಬಲೆಯನ್ನು ಹೊಂದಿಸಿದರೆ ತಲೆ ತಗ್ಗಿಸಿ ತಿನ್ನುವುದೂ ಸಾಧ್ಯವಾಗುತ್ತದೆ. ಕೆಲವರು ಬಲೆಯ ಬದಲು ಲೋಹದ ಜಾಲರಿಯನ್ನು ಹೊಂದಿಸುತ್ತಾರೆ. ಕುದುರೆಯು ಅದನ್ನು ಕಚ್ಚಿ ಹಲ್ಲು, ಒಸಡುಗಳನ್ನು ಸವೆಸಿಕೊಳ್ಳುವ ಸಂಭವವಿರುವುದರಿಂದ ನಾವು ಬಲೆಯನ್ನೇ ಮೆಚ್ಚುತ್ತೇವೆ.

ಅಭ್ಯಾಸವಿಲ್ಲದ ಕುದುರೆಗೆ ಮೊದಲ ದಿನವೇ ಅತಿ ಸಣ್ಣ ಕಣ್ಣಿನ ಬಲೆಯನ್ನು ಒಡ್ಡಿದರೆ ಅದು ಸಿಟ್ಟಿಗೆದ್ದು ಬಲೆಯನ್ನು ಜಗ್ಗಾಡುತ್ತದೆ. ದೊಡ್ಡ ಕಣ್ಣಿನಿಂದ ಆರಂಭಿಸಿ, ಸ್ವಲ್ಪ ಹುಲ್ಲನ್ನು ಬಿಡಿಯಾಗಿಯೂ ಹಾಕಿ, ಕ್ರಮೇಣ ಕಣ್ಣನ್ನು ಕಿರಿದು ಮಾಡುತ್ತ ಹೋಗಬೇಕು. ಎರಡು ಮೂರು ಸಣ್ಣ ಬಲೆಗಳನ್ನು ಲಾಯದ ಬೇರೆ ಬೇರೆ ಮೂಲೆಗಳಲ್ಲಿ ಕಟ್ಟಿದರೆ ಬಯಲಿನ ಹೆಜ್ಜೆಗಳಲ್ಲಿ ಕೆಲವಾದರೂ ಅದಕ್ಕೆ ದೊರೆಯುತ್ತವೆ. ಹಲ್ಲು ಸವೆದ ಮುದಿ ಕುದುರೆಗೆ ಇವಾವುವೂ ತಕ್ಕವಲ್ಲ. ಅದಕ್ಕೆ ಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ, ತೆರೆದ ತೊಟ್ಟಿಯಲ್ಲಿ ಇಡಬೇಕು.