ಬಹುಮಹಡಿ ಕಟ್ಟಡದಲ್ಲಿ ಗಾಳಿಯ ಕಾಲುವೆ

ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯನ್ನು ನಾಗನೂರ ಕಡೆಯ ವಿದ್ಯಾರ್ಥಿಗಳು ಬಲ್ಲರು. ಕಾಲುವೆಯ ತಲೆಯಲ್ಲಿರುವವನು ತನ್ನ ತೂಬನ್ನು ಪೂರ್ಣ ತೆರೆದರೆ ತುದಿಯ ಹೊಲಕ್ಕೆ ನೀರು ಮುಟ್ಟದು. ಬಹುಮಹಡಿ ಕಟ್ಟಡವನ್ನು ತಂಪಾಗಿಡುವ ವಾಯುನಾಳಗಳ ಸಮಸ್ಯೆಯೂ ಇಂಥದೇ. ಗಾಳಿಯನ್ನು ನೂಕುವುದು ಸುಲಭ. ಸರಿಯಾಗಿ ಹಂಚುವುದು ಕಷ್ಟ.

ನಾಲ್ಕು ಅಂತಸ್ತುಗಳ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಜನ, ದೀಪ, ಬಿಸಿಲು ಇವೆಲ್ಲವುಗಳಿಂದ ಪ್ರತಿ ಅಂತಸ್ತಿನ ಗಾಳಿಗೆ 18 ಕಿಲೋವ್ಯಾಟ್ ಉಷ್ಣ ಸೇರುತ್ತದೆನ್ನೋಣ. ಕೋಣೆಯ ಉಷ್ಣತೆ 26 ಡಿಗ್ರಿ ಸೆಲ್ಸಿಯಸ್. ನಾವು ಕಳುಹುವ ಗಾಳಿಯದು 16 ಡಿಗ್ರಿ. ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ಸುಮಾರು 1.2 ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 1000 ಜೂಲ್ ಬೇಕು. ಆದುದರಿಂದ 10 ಡಿಗ್ರಿ ಏರುವಾಗ ಪ್ರತಿ ಘನ ಮೀಟರ್ ಗಾಳಿಯು 12,000 ಜೂಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಅಂದಮೇಲೆ ಪ್ರತಿ ಅಂತಸ್ತಿಗೆ ಸೆಕೆಂಡಿಗೆ 1.5 ಘನ ಮೀಟರ್, ಇಡೀ ಕಟ್ಟಡಕ್ಕೆ 6 ಘನ ಮೀಟರ್ ಗಾಳಿ ಬೇಕು.

ಗಾಳಿಯ ವೇಗ ಸೆಕೆಂಡಿಗೆ 6 ಮೀಟರ್ ಇರಲೆಂದರೆ ಮುಖ್ಯ ನಾಳದ ಅಡ್ಡಕೊಯ್ತ 1 ಚದರ ಮೀಟರ್ ಆಗಬೇಕು. ಸ್ಥಳ ಉಳಿಸಲೆಂದು ಇದನ್ನು ಅರ್ಧಕ್ಕೆ ಇಳಿಸಿದರೇನಾಗುತ್ತದೆ? ವೇಗವು ಇಮ್ಮಡಿಯಾಗುತ್ತದೆ; ಘರ್ಷಣೆಯಿಂದಾಗುವ ಒತ್ತಡದ ನಷ್ಟವು ಐದು ಪಟ್ಟಿಗೂ ಮಿಕ್ಕುತ್ತದೆ. ಆ ನಷ್ಟವನ್ನು ತುಂಬಲು ಪಂಖಕ್ಕೆ ಅಷ್ಟೇ ಪಟ್ಟು ಹೆಚ್ಚು ವಿದ್ಯುತ್ತು ಬೇಕು, ಸದ್ದೂ ಹೆಚ್ಚುವುದು. ಒಂದೊಂದು ಅಂತಸ್ತಿಗೆ ಗಾಳಿ ಕವಲೊಡೆದಂತೆ ಮುಖ್ಯ ನಾಳವನ್ನು ಕಿರಿದಾಗಿಸುತ್ತ ಹೋಗುತ್ತಾರೆ.

ಯಂತ್ರವು ಮಾಳಿಗೆಯ ಮೇಲಿದ್ದರೆ ಮೇಲಂತಸ್ತೇ ತಲೆ, ನೆಲಮಹಡಿಯೇ ತುದಿ. ಸಮೀಪದ ಕವಲಿನಲ್ಲಿ ತಡೆ ಕಡಿಮೆಯಾದ್ದರಿಂದ ಗಾಳಿ ಅತ್ತ ನುಗ್ಗುತ್ತದೆ. ಪ್ರತಿ ಕವಲಿನಲ್ಲಿಯೂ ತಿರುಗುವ ತಗಡಿನ ಕದವೊಂದನ್ನು ಇಟ್ಟು, ಸಮೀಪದ್ದನ್ನು ಕೊಂಚ ಮುಚ್ಚಿ, ಎಲ್ಲ ದಾರಿಗಳ ತಡೆಯನ್ನು ಸರಿದೂಗಿಸುತ್ತಾರೆ. ಡ್ಯಾಂಪರ್ ಎಂಬ ಈ ಕದವೇ ಗಾಳಿಯ ತೂಬು.

ಶೀತದೇಶಗಳಲ್ಲಿ ಇದೇ ನಾಳಗಳಲ್ಲಿ ಬೆಚ್ಚನೆಯ ಗಾಳಿ ಹರಿಯುತ್ತದೆ. ಲೆಕ್ಕ ಅದೇ, ಆದರೆ ಬಿಸಿಗಾಳಿ ಹಗುರವಾದ್ದರಿಂದ ಅದು ಮೇಲಕ್ಕೇರಲು ಹವಣಿಸುತ್ತದೆ. ಈ ಗುಣವೇ ಬೆಂಕಿ ಬಿದ್ದಾಗ ಮೃತ್ಯುವಾಗಬಲ್ಲದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹುಟ್ಟಿದ್ದು ವಾಯುನಾಳದಲ್ಲಲ್ಲ, ವಿದ್ಯುತ್ ತಂತಿಗಳು ಹಾಯುವ ಲಂಬ ಕಂಡಿಯಲ್ಲಿ. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. 9 ಜನ ಪ್ರಾಣ ಕಳೆದುಕೊಂಡರು. ಅಂತಸ್ತುಗಳನ್ನು ಕೂಡಿಸುವ ಯಾವ ಕಂಡಿಯೂ ಹೊಗೆಗೆ ದಾರಿಯಾಗಬಲ್ಲದು.

ಆದಕಾರಣ ವಾಯುನಾಳವು ನೆಲವನ್ನು ಭೇದಿಸಿ ಹಾಯುವಲ್ಲಿ ಬೆಂಕಿತಡೆಯ ಕದವಿರಲೇಬೇಕು. ಉಷ್ಣತೆ ಸುಮಾರು 70 ಡಿಗ್ರಿ ದಾಟಿದಾಗ ಅದರ ಲೋಹದ ಕೊಂಡಿ ಕರಗಿ ಕದ ತಾನಾಗಿ ಮುಚ್ಚುತ್ತದೆ. ಹೊಗೆಯನ್ನು ಗುರುತಿಸುವ ಉಪಕರಣವು ಪಂಖವನ್ನೂ ನಿಲ್ಲಿಸಬೇಕು. ತೂಬನ್ನು ಎಷ್ಟು ತೆರೆಯಬೇಕೆಂಬುದನ್ನು ಅರಿತರೆ ಸಾಲದು. ಯಾವಾಗ ಮುಚ್ಚಬೇಕೆಂಬುದನ್ನೂ ವಿನ್ಯಾಸಕನು ಅರಿತಿರಬೇಕು.