ಪದರದ ಮೇಲೆ ಪದರ: ಸಡಿಲ ನಂಟಿನ ಲಾಭ

ಚಿನ್ನದಷ್ಟು ತೆಳ್ಳಗೆ ಬಡಿಯಬಹುದಾದ ಲೋಹ ಇನ್ನೊಂದಿಲ್ಲ. ಮೈಸೂರು, ತಂಜಾವೂರು ಚಿತ್ರಗಳಿಗೆ ಅಂಟಿಸುವ ಚಿನ್ನದ ರೇಕು ಉಸಿರು ತಾಕಿದರೂ ಹಾರುತ್ತದೆ. ಆದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ರೇಕಿನಲ್ಲೂ ನೂರಾರು ಪರಮಾಣು ಸಾಲುಗಳು ಉಳಿದಿರುತ್ತವೆ. ಚಿನ್ನದ ಪರಮಾಣುಗಳು ಎಲ್ಲ ದಿಕ್ಕಿಗೂ ಒಂದೇ ಬಿಗಿಯಲ್ಲಿ ಕೈಹಿಡಿದಿರುವುದರಿಂದ ಅದನ್ನು ಬಡಿಯಬಹುದು, ಸುಲಿಯಲಾಗದು. ಪೆನ್ಸಿಲಿನೊಳಗಿನ ಗ್ರಾಫೈಟಿನ ಗುಣ ಬೇರೆ. ಒಂದೇ ಪದರದ ಇಂಗಾಲದ ಪರಮಾಣುಗಳ ನಂಟು ಬಲು ಬಿಗಿ, ಪದರ ಪದರಗಳ ನಡುವಿನದು ಸಡಿಲ. ಗೆರೆ ಎಳೆದಾಗ ಪದರಗಳು ಜಾರಿ ಕಾಗದಕ್ಕೆ ಹತ್ತುವುದು ಇದರಿಂದಲೇ. ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿಗೆ ಅಂಟುಟೇಪು ಒತ್ತಿ, ಎಳೆದು, ಮತ್ತೆ ಮತ್ತೆ ಸುಲಿದು ಒಂಟಿ ಪದರವನ್ನು ಬೇರ್ಪಡಿಸಿದರು. 2004ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2010ರಲ್ಲಿ ನೊಬೆಲ್ ಬಂತು. ಆ ಪದರವೇ ಗ್ರಾಫೀನ್, ದಪ್ಪ 0.34 ನ್ಯಾನೋಮೀಟರ್. ಜಗತ್ತು ಬೆರಗಾದದ್ದು ಅದರ ತೆಳುವಿಗೆ. ಬೆಲೆಯಿರುವುದು ಮಾತ್ರ ಆ ಸಡಿಲ ನಂಟಿಗೆ.

ಏಕೆಂದರೆ ಸುಲಿದದ್ದನ್ನು ಬೇಕಾದಂತೆ ಪೇರಿಸಬಹುದು. ಸಾಮಾನ್ಯವಾಗಿ ಒಂದು ಹರಳಿನ ಮೇಲೆ ಇನ್ನೊಂದನ್ನು ಬೆಳೆಸಲು ಎರಡರ ಪರಮಾಣುಗಳ ಅಂತರವೂ ಹೊಂದಬೇಕು, ಇಲ್ಲದಿದ್ದರೆ ಜೋಡಣೆಯಲ್ಲಿ ದೋಷಗಳು ಸೇರುತ್ತವೆ. ಈ ಪದರಗಳಿಗೆ ಆ ಜಾತಕ ಕೂಡಬೇಕಾಗಿಲ್ಲ. ಗ್ರಾಫೀನ್ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಆದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ನ್ನು ಮಾತ್ರ ಹೀರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ತಂಡ 2013ರಲ್ಲಿ ಅದಕ್ಕೆ ಹೀಗೇ ಪದರವಾಗಿ ಸುಲಿಯಬಲ್ಲ, ಬೆಳಕನ್ನು ಹೀರಬಲ್ಲ ಮಾಲಿಬ್ಡಿನಂ ಡೈಸಲ್ಫೈಡನ್ನು ಜೊತೆಮಾಡಿತು. ಬೆಳಕನ್ನು ಬಹು ಸೂಕ್ಷ್ಮವಾಗಿ ಗುರುತಿಸಿ, ಅದು ಆರಿದ ಮೇಲೂ ನೆನಪಿಟ್ಟುಕೊಳ್ಳುವ ಸಾಧನ ಸಿದ್ಧವಾಯಿತು. ಒಂದೊಂದಕ್ಕೇ ಆಗದ ಕೆಲಸ ಜೋಡಿಗೆ ಆಯಿತು. ಒಂದೇ ವಸ್ತುವಿನ ಎರಡು ಪದರಗಳನ್ನು ಓರೆಯಾಗಿಟ್ಟರೂ ಗುಣ ಬದಲಾಗುತ್ತದೆ. ಎರಡು ಗ್ರಾಫೀನ್ ಪದರಗಳನ್ನು 1.1 ಡಿಗ್ರಿ ತಿರುವಿಟ್ಟಾಗ, ಮೈನಸ್ 271 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುವುದನ್ನು 2018ರಲ್ಲಿ ಅಮೆರಿಕದ ಎಂಐಟಿ ತಂಡ ಕಂಡಿತು.

ಎರಡು ದಶಕ ಕಳೆದರೂ ಅಂಗಡಿಗೆ ಏನು ಬಂತು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಪೇರಿಸುವಾಗ ಪದರ ಸುಕ್ಕಾಗುತ್ತದೆ, ನಡುವೆ ಗುಳ್ಳೆ ಸಿಕ್ಕಿಬೀಳುತ್ತದೆ, ಲೋಹದ ತಂತಿ ಸರಿಯಾಗಿ ಹೊಂದದು. 2025ರಲ್ಲಿ ಚೀನಾದ ಫುಡಾನ್ ವಿಶ್ವವಿದ್ಯಾಲಯದವರು ಮಾಲಿಬ್ಡಿನಂ ಡೈಸಲ್ಫೈಡಿನಿಂದ ಮಾಡಿದ ಪ್ರೊಸೆಸರಿನಲ್ಲಿದ್ದದ್ದು ಸುಮಾರು 5,900 ಟ್ರಾನ್ಸಿಸ್ಟರು. ಒಳ್ಳೆಯ ಫೋನಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು. ಆದರೆ ಆ ಚಿಪ್ಪಿನ ಸಿಲಿಕಾನನ್ನು ಬೇರ್ಪಡಿಸಿದ್ದು 1824ರಲ್ಲಿ, ಅದರ ಟ್ರಾನ್ಸಿಸ್ಟರು ಬಂದದ್ದು 1954ರಲ್ಲಿ. ಹಾಗಾದರೆ ಸಿಲಿಕಾನೇ ಸಾಲದೇ? ಕೆಲವೇ ನ್ಯಾನೋಮೀಟರಿಗೆ ಇಳಿಸಿದಾಗ ಸಿಲಿಕಾನಿನ ಮೇಲ್ಮೈಯ ಒರಟುತನವೇ ಎಲೆಕ್ಟ್ರಾನುಗಳಿಗೆ ಅಡ್ಡಬರುತ್ತದೆ. ಸಹಜವಾಗಿಯೇ ಪದರವಾಗಿರುವ ವಸ್ತುವಿಗೆ ಆ ತೊಡಕು ಕಡಿಮೆ. ಹೀಗಾಗಿ ಈ ಪದರಗಳು ಸಿಲಿಕಾನನ್ನು ಹೊರದಬ್ಬುವುದಕ್ಕಿಂತ, ಅದರ ಕೈಲಾಗದ ಕಡೆ ಅದರ ಮೇಲೇ ಕೂರುವ ಸಂಭವ ಹೆಚ್ಚು. ಅಷ್ಟಕ್ಕೂ ಮಾಲಿಬ್ಡಿನಂ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸನ್ನು ಗ್ಯಾರೇಜುಗಳಲ್ಲಿ ಬಹುಕಾಲದಿಂದ ಬಳಸುತ್ತಿದ್ದಾರೆ. ಅಲ್ಲಿ ಸವೆತ ತಪ್ಪಿಸುವುದೂ ಪದರಗಳ ಅದೇ ಜಾರುವ ಗುಣ.