ಪೆಟ್ಟಿಗೆಯಲ್ಲಿ ಪಯಣಿಸುವ ಬೀಜ

ಪ್ರಶ್ನೆ: ಹಸುಗಳಿಗೆ ಮಾಡಿಸುವಂತೆ ಕುದುರೆಗೂ ದೂರದಿಂದ ವೀರ್ಯ ತರಿಸಿ ಕೃತಕ ಗರ್ಭಧಾರಣೆ ಮಾಡಿಸಬಹುದೇ?

ಉತ್ತರ: ಧಾರಾಳವಾಗಿ. ಆದರೆ ಹಸುವಿನಷ್ಟು ಸಲೀಸಲ್ಲ. ಹಸುವಿನ ವೀರ್ಯ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಕುದುರೆಯದನ್ನೂ ಹಾಗೆ ಇಡಬಹುದು, ಆದರೆ ಕೆಲವು ಗಂಡುಗಳ ವೀರ್ಯ ಆ ಚಳಿಯನ್ನು ತಡೆಯುವುದಿಲ್ಲ. ಹಾಗಾಗಿ ಅಮೆರಿಕ, ಯುರೋಪುಗಳಲ್ಲಿ ತಣಿಸಿದ ವೀರ್ಯವೂ ಬಹಳ ಬಳಕೆಯಲ್ಲಿದೆ. ಅದಕ್ಕೆ ಬೆರೆಸುವುದೇನು ಗೊತ್ತೇ? ಕೆನೆ ತೆಗೆದ ಹಾಲು, ಗ್ಲೂಕೋಸ್, ಒಂದಿಷ್ಟು ಆ್ಯಂಟಿಬಯಾಟಿಕ್! ಐಸ್ ತುಂಬಿದ ಪೆಟ್ಟಿಗೆಯಲ್ಲಿ ಅದು ನಿಧಾನವಾಗಿ 5 ಡಿಗ್ರಿಗೆ ಇಳಿಯಬೇಕು. ತಟ್ಟನೆ ತಣಿದರೆ ವೀರ್ಯಾಣುಗಳು ಸಾಯುತ್ತವೆ. ಆಯಸ್ಸು ಒಂದೆರಡು ದಿನ, ಅಷ್ಟೇ.

ನಿಜವಾದ ಪೇಚಾಟ ಹೆಣ್ಣಿನ ಕಡೆಯದು. ಕುದುರೆ ಐದಾರು ದಿನ ಬೆದೆಯಲ್ಲಿರುತ್ತದೆ, ಅಂಡ ಬಿಡುಗಡೆಯಾಗುವುದು ಕೊನೆಕೊನೆಗೆ. ವೈದ್ಯರು ಸ್ಕ್ಯಾನ್ ಮಾಡುತ್ತಾ, ಅಂಡಕೋಶಿಕೆ 35 ಮಿಲಿಮೀಟರ್ ದಾಟಿತೇ ಎಂದು ಕಾಯುತ್ತಾರೆ. ಆಮೇಲೆ ಹಾರ್ಮೋನು ಚುಚ್ಚಿದರೆ ಸುಮಾರು 36 ಗಂಟೆಯಲ್ಲಿ ಅಂಡ ಹೊರಬೀಳುತ್ತದೆ. ಪಾರ್ಸೆಲ್ ಅಷ್ಟರೊಳಗೆ ಬಂದರೆ ಸರಿ, ವಿಮಾನ ತಪ್ಪಿತೋ, ಮುಂದಿನ ಬೆದೆಗೆ ಮೂರು ವಾರ ಕಾಯಬೇಕು!

ರೇಸಿನ ಥರೋಬ್ರೆಡ್ ತಳಿಗೆ ಮಾತ್ರ ಈ ಸೌಲಭ್ಯವಿಲ್ಲ. ಸಹಜ ಕೂಡುವಿಕೆಯಿಂದ ಹುಟ್ಟಿದ ಮರಿಯನ್ನಷ್ಟೇ ಆ ತಳಿಯ ದಾಖಲೆ ಪುಸ್ತಕಕ್ಕೆ ಸೇರಿಸುತ್ತಾರೆ. ಅಲ್ಲಿ ಊರೂರು ತಿರುಗುವುದು ಪೆಟ್ಟಿಗೆಯಲ್ಲ, ಲಾರಿ ಹತ್ತಿದ ಕುದುರೆಯೇ.